ಜ್ಞಾನ ತಂದೆ ಆಗು ಅಂತಿದ್ದಾರೆ, ಅಣ್ಣನ ಜೊತೆ ಮಾತಿಲ್ಲ. ಒಪ್ಪಿಕೊಳ್ಳಲಾ, ಬೇಡವಾ?

ಕಾಳಿದಂಡೆ (ಕಾರವಾರ) | ಶುಕ್ರವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನು ಕೋಡಿಬಾಗದವನು. ಮನೆಯಲ್ಲಿ ಕೊಂಕಣಿ, ಬರೆಯಲು ಬರುವುದು ಕನ್ನಡ. ತಪ್ಪಿದ್ದರೆ ಸುಧಾರಿಸಿಕೊಳ್ಳಿ.

ನನ್ನ ನಾದಿನಿಗೆ ಗಂಡು ಮಗು ಆಗಿದೆ. ಈಸ್ಟರ್ ಕಳೆದ ಮೇಲೆ ಎರಡನೇ ಭಾನುವಾರ ಜ್ಞಾನಸ್ನಾನ (ಬ್ಯಾಪ್ಟಿಸಮ್). ಜ್ಞಾನ ತಂದೆ, ಅಂದರೆ ಗಾಡ್‌ಫಾದರ್ ಆಗಿ ನಾನೇ ನಿಲ್ಲಬೇಕಂತೆ. ಷಡ್ಡಕ ಫೋನಿನಲ್ಲಿ, "ನಿಮ್ಮನ್ನು ನೋಡಿ ನಮ್ಮ ಮಗು ಕಲೀಲಿ" ಅಂದ. ಖುಷಿ ಆಗಬೇಕಿತ್ತು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಕಾರಣ ಇದು. ನನಗೂ ಅಣ್ಣನಿಗೂ ಆರು ವರ್ಷದಿಂದ ಮಾತಿಲ್ಲ. ಇಬ್ಬರದ್ದೂ ಒಂದೇ ಇಗರ್ಜಿ (ಚರ್ಚ್). ಅವನು ಮುಂದಿನ ಬೆಂಚು, ನಾನು ಹಿಂದೆ ಫ್ಯಾನಿನ ಕೆಳಗೆ. ಪೂಜೆಯಲ್ಲಿ ಪರಮಪ್ರಸಾದಕ್ಕೆ ಮೊದಲು ಒಬ್ಬರಿಗೊಬ್ಬರು ಶಾಂತಿ ಕೋರಬೇಕಲ್ವಾ? ಎಲ್ಲರೂ ಕೈಮುಗಿದು ಅತ್ತ ಇತ್ತ ತಿರುಗುತ್ತಾರೆ. ನಾನೂ ತಿರುಗುತ್ತೇನೆ. ಎಡಕ್ಕೆ, ಬಲಕ್ಕೆ, ಹಿಂದಕ್ಕೆ. ಮುಂದಕ್ಕೆ ಮಾತ್ರ ನೋಡುವುದಿಲ್ಲ.

ಮಗನಿಗೆ 11 ವರ್ಷ. ಹೋದ ವಾರ ಅವನ ಧರ್ಮೋಪದೇಶ ಕ್ಲಾಸಿನಲ್ಲಿ ಬೈಬಲಿನ ಮತ್ತಾಯನ 5ನೇ ಅಧ್ಯಾಯ ಆಗಿದೆ. ಕಾಣಿಕೆ ತಂದವನಿಗೆ ತಮ್ಮನದೋ ಅಣ್ಣನದೋ ಮನಸ್ತಾಪ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಹೋಗಿ ರಾಜಿ ಮಾಡಿಕೊಂಡು ಬರಬೇಕು ಅನ್ನುವ ಭಾಗ. ಸ್ಕೂಟರಿನಲ್ಲಿ ಹಿಂದೆ ಕೂತು ಕೇಳಿದ: "ಪಪ್ಪಾ, ನೀನು ಇಷ್ಟು ವರ್ಷ ಹಾಕಿದ ಕಾಣಿಕೆ ಎಲ್ಲ ದೇವರ ಲೆಕ್ಕಕ್ಕೆ ಸೇರಿಲ್ವಾ?"

ತಮಾಷೆಗೆ ಕೇಳಿದ್ದಲ್ಲ. ಅವನಿಗೆ ನಿಜವಾಗಿ ಅನುಮಾನ. ನಾನು ಟ್ರಾಫಿಕ್ ಇದೆ ಸುಮ್ನಿರು ಅಂದೆ. ಸದಾಶಿವಗಡದ ಕಡೆ ಆ ಹೊತ್ತಿಗೆ ಎಂಥ ಟ್ರಾಫಿಕ್ಕು!

ಈಗ ಹೇಳಿ. ಇಂಥವನು ಇನ್ನೊಬ್ಬರ ಮಗುವಿಗೆ ಮಾದರಿ ಅಂತ ನಿಲ್ಲಬಹುದಾ? ಬೇಡ ಅಂದರೆ ಷಡ್ಡಕನ ಮನೆಯವರಿಗೆ ಬೇಜಾರು. ಒಪ್ಪಿಕೊಂಡರೆ ನನಗೇ ನಾಚಿಕೆ.

ಹೊನ್ನಾವರದಜ್ಜ | ಶುಕ್ರವಾರ ರಾತ್ರಿ 11:15

ತಮ್ಮಾ, ನಾನು ನಾಲ್ಕು ಮಕ್ಕಳಿಗೆ ಜ್ಞಾನ ತಂದೆ. 1976ರಲ್ಲಿ ಬೆಳಗಾವಿಯಿಂದ ಬೇರೆಯಾಗಿ ಕಾರವಾರ ಧರ್ಮಪ್ರಾಂತ್ಯ ಆಯ್ತಲ್ಲ, ಆಗ ನಾನು ಶಾಲೆಗೆ ಹೋಗುವ ಹುಡುಗ. ಅಲ್ಲಿಂದ ಇಲ್ಲಿವರೆಗೆ ಸುಮಾರು ಪಾದ್ರಿಗಳನ್ನು ನೋಡಿದ್ದೇನೆ. ಮೊದಲು ನಿಯಮ ಹೇಳಿಬಿಡುತ್ತೇನೆ, ಆಮೇಲೆ ಮನಸ್ಸಿನ ಮಾತು.

ಜ್ಞಾನ ತಂದೆಗೆ 16 ವರ್ಷ ತುಂಬಿರಬೇಕು. ಕಥೊಲಿಕನಾಗಿ ದೃಢೀಕರಣ (ಕನ್ಫರ್ಮೇಶನ್ ಸಂಸ್ಕಾರ) ಆಗಿರಬೇಕು, ಪರಮಪ್ರಸಾದ ತೆಗೆದುಕೊಂಡಿರಬೇಕು. ಮಗುವಿನ ಹೆತ್ತ ಅಪ್ಪ ಅಮ್ಮ ಆ ಜಾಗಕ್ಕೆ ನಿಲ್ಲುವ ಹಾಗಿಲ್ಲ. ಒಬ್ಬರೇ ಇದ್ದರೂ ಸಾಕು, ಇಬ್ಬರಾದರೆ ಒಂದು ಗಂಡು ಒಂದು ಹೆಣ್ಣು. ಇನ್ನೊಂದು ಮಾತು ಇದೆ: ಈ ಹೊಣೆಗೆ ಒಪ್ಪುವ ಹಾಗೆ ವಿಶ್ವಾಸದ ಬದುಕು ನಡೆಸುತ್ತಿರಬೇಕು. ನಿಮ್ಮನ್ನು ಚುಚ್ಚಿರುವುದು ಇದೇ. ಆದರೆ ಪಾಪವೇ ಮಾಡದವನು ಬೇಕು ಅಂತ ಎಲ್ಲೂ ಬರೆದಿಲ್ಲ. ಬರೆದಿದ್ದರೆ ನಮ್ಮ ಊರಿನಲ್ಲಿ ಒಂದು ಮಗುವಿಗೂ ಜ್ಞಾನಸ್ನಾನ ಆಗುತ್ತಿರಲಿಲ್ಲ.

ಮಗು ಬೇರೆ ಇಗರ್ಜಿಯದಾದರೆ ನಿಮ್ಮ ಪಾದ್ರಿಯಿಂದ ಒಂದು ಪತ್ರ ಕೇಳಬಹುದು. ಈಗಲೇ ವಿಚಾರಿಸಿಕೊಳ್ಳಿ.

ಮನಸ್ಸಿನ ಮಾತು: ಆ ದಿನ ಪಾದ್ರಿ "ಸೈತಾನನನ್ನು ತ್ಯಜಿಸುತ್ತೀರಾ?" ಅಂತ ಕೇಳುತ್ತಾರೆ. ಮಗು ನಿದ್ದೆಯಲ್ಲಿರುತ್ತದೆ. ಉತ್ತರ ಹೇಳಬೇಕಾದವರು ನೀವು. ನಾಲ್ಕು ಸಲ ಹೇಳಿದ್ದೇನೆ, ನಾಲ್ಕು ಸಲವೂ ಕಾಲು ನಡುಗಿದೆ. ನಡುಗದವನನ್ನು ಕಂಡರೆ ನನಗೆ ಸ್ವಲ್ಪ ಅನುಮಾನ.

ಮಡಗಾಂವ್_ಪ್ಯಾಸೆಂಜರ್ | ಶನಿವಾರ ಬೆಳಿಗ್ಗೆ 7:05

ಟ್ರೈನಿನಲ್ಲಿ ಕೂತು ಬರೆಯುತ್ತಿದ್ದೇನೆ. ಕಾರವಾರದವನೇ. ಇಗರ್ಜಿಗೆ ಹೋಗುವುದು ಬಿಟ್ಟು ಐದು ವರ್ಷ ಆಯ್ತು.

ಬಿಡಲು ಕಾರಣವೇ ಈ ಮಾದರಿ ಅನ್ನುವ ಶಬ್ದ. ನನ್ನ ಅಪ್ಪ ಹಬ್ಬದ ಕಮಿಟಿಯಲ್ಲಿ ಮುಂದೆ, ಮೆರವಣಿಗೆಯಲ್ಲಿ ಮುಂದೆ. ರಾತ್ರಿ ಕುಡಿದು ಬಂದರೆ ಅಮ್ಮ ನಮ್ಮನ್ನು ಅಡುಗೆಮನೆಗೆ ಸೇರಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬೆಳಿಗ್ಗೆ ಊರವರು ನನಗೆ "ನಿನ್ನ ಅಪ್ಪನ ಹಾಗೆ ಆಗು" ಅನ್ನುತ್ತಿದ್ದರು. ಈಗ ವಾಟ್ಸಾಪ್ ಬಂದಿದೆ, ಬೆಳಿಗ್ಗೆ ಐದಕ್ಕೇ ಸ್ಟೇಟಸ್ಸಿನಲ್ಲಿ ವಚನ. ದಾನ ಮಾಡುವಾಗ ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರದು ಅಂತ ನಿಮ್ಮ ಮತ್ತಾಯನೇ ಮುಂದಿನ ಅಧ್ಯಾಯದಲ್ಲಿ ಹೇಳಿದ್ದಾನೆ. ಇವರಿಗೆ ಎರಡು ಕೈಯೂ ಸಾಲದು, ಮೂರನೆಯವನು ಫೋಟೋ ಹಿಡಿಯಬೇಕು.

ನನ್ನನ್ನು ಮುಟ್ಟಿದ್ದು ಒಂದೇ. 2013ರಲ್ಲಿ, ಪೋಪ್ ಆಗಿ ತಿಂಗಳೂ ತುಂಬಿರಲಿಲ್ಲ, ಫ್ರಾನ್ಸಿಸ್ ಅವರು ಪವಿತ್ರ ಗುರುವಾರ (ಗುಡ್ ಫ್ರೈಡೇ ಹಿಂದಿನ ದಿನ) ದೊಡ್ಡ ಇಗರ್ಜಿ ಬಿಟ್ಟು ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋದರು. 12 ಮಂದಿಯ ಕಾಲು ತೊಳೆದರು. ಅದರಲ್ಲಿ ಹುಡುಗಿಯರಿದ್ದರು, ಮುಸ್ಲಿಮರಿದ್ದರು. ಅದಕ್ಕೂ ಕ್ಯಾಮೆರಾ ಇತ್ತು, ಗೊತ್ತು. ಆದರೂ ಮುಟ್ಟಿತು. ಯಾಕೆ ಅಂತ ಹೇಳಲು ಬರುವುದಿಲ್ಲ.

ಕಾಳಿದಂಡೆ ಅಣ್ಣಾ, ನಿಮ್ಮ ಪೋಸ್ಟಿನಲ್ಲಿ ನಾಚಿಕೆ ಅನ್ನುವ ಶಬ್ದ ನೋಡಿ ಉತ್ತರ ಬರೆದೆ. ಇಲ್ಲದಿದ್ದರೆ ದಾಟಿ ಹೋಗುತ್ತಿದ್ದೆ.

ಜೀವದ_ನೀರು (ಭಟ್ಕಳ) | ಶನಿವಾರ ಬೆಳಿಗ್ಗೆ 9:20

ಸಹೋದರರೇ, ನಾವು ವಿಶ್ವಾಸಿಗಳ ಸಭೆಯವರು. ನಮ್ಮಲ್ಲಿ ಯಾರಾದರೂ ಮುಂದೆ ನಿಲ್ಲಬೇಕಾದರೆ ಅವರ ಸಾಕ್ಷಿ ಹೇಗಿದೆ ಅಂತ ಮೊದಲು ಕೇಳುತ್ತೇವೆ. ಪೌಲ ತಿಮೊಥೆಯನಿಗೆ ಬರೆದ ಹಾಗೆ ಮಾತು, ನಡತೆ, ಪ್ರೀತಿ, ನಂಬಿಕೆ, ಶುದ್ಧತೆ, ಐದರಲ್ಲೂ ಮಾದರಿ ಇರಬೇಕು. ನಿಮಗೆ ಸದ್ಯಕ್ಕೆ ಸಾಕ್ಷಿ ಇಲ್ಲ. ಮೊದಲು ಅಣ್ಣ, ಆಮೇಲೆ ಉಳಿದದ್ದು. ಮತ್ತೆ, ತಿಳುವಳಿಕೆ ಬಾರದ ಶಿಶುವಿಗೆ ದೀಕ್ಷಾಸ್ನಾನ ಕೊಡುವುದು ವಾಕ್ಯದಲ್ಲಿ ಎಲ್ಲಿದೆ?

ಹೊನ್ನಾವರದಜ್ಜ | ಶನಿವಾರ ಬೆಳಿಗ್ಗೆ 9:31

ಶುರು ಆಯ್ತು. ಮನೆಯವರೆಲ್ಲ ಸ್ನಾನ ಮಾಡಿಸಿಕೊಂಡರು ಅಂತ ಅಪೊಸ್ತಲರ ಕೃತ್ಯಗಳಲ್ಲಿ ಇಲ್ವಾ? ಆ ಮನೆಗಳಲ್ಲಿ ಮಕ್ಕಳೇ ಇರಲಿಲ್ವಾ?

ನಿರ್ವಾಹಕ | ಶನಿವಾರ ಬೆಳಿಗ್ಗೆ 9:50

ಇಬ್ಬರೂ ನಿಲ್ಲಿಸಿ. 500 ವರ್ಷದಿಂದ ಮುಗಿಯದ ಜಗಳ ಇವತ್ತು ಮಧ್ಯಾಹ್ನದೊಳಗೆ ಮುಗಿಯುವುದಿಲ್ಲ. ಬೇಕಾದರೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಕೇಳಿದ್ದು ಅಣ್ಣನ ವಿಷಯ.

ಕೊನೆಕೊಯ್ಲು (ಸಿರ್ಸಿ) | ಶನಿವಾರ ಮಧ್ಯಾಹ್ನ 2:10

ನಾನು ಹವ್ಯಕ, ನಿಮ್ಮ ವಿಷಯದಲ್ಲಿ ತಲೆ ಹಾಕಬಹುದೋ ಇಲ್ಲವೋ. ಆದರೂ ಒಂದು ಸಂಗತಿ ಹೇಳಲೇಬೇಕು ಮಾರಾಯ್ರೆ.

ಸಿರ್ಸಿಯಲ್ಲಿ ಸಿಸ್ಟರ್‌ಗಳು ನಡೆಸುವ ಶಾಲೆಯಲ್ಲಿ ನಾನು ಕಲಿತದ್ದು. ಆರನೇ ಕ್ಲಾಸಿನಲ್ಲಿ ಒಬ್ಬರು ಸಿಸ್ಟರ್ ಗಣಿತಕ್ಕೆ ಬರುತ್ತಿದ್ದರು. ಬಹಳ ಜೋರು. ಒಂದು ದಿನ ಅವರ ಪೆನ್ನು ಕಾಣೆಯಾಯಿತು. ಹಿಂದಿನ ಬೆಂಚಿನ ಹುಡುಗನ ಮೇಲೆ ಅನುಮಾನ. ಅವನ ಬಟ್ಟೆ ಹರಿದಿತ್ತು, ಅಷ್ಟೇ ಕಾರಣ. ಕೈಗೆ ಸ್ಕೇಲಿನಲ್ಲಿ ನಾಲ್ಕು ಬಿದ್ದವು. ಅವನು ಅಳಲೂ ಇಲ್ಲ.

ಮಾರನೆ ದಿನ ಬೆಳಿಗ್ಗೆ ಪ್ರಾರ್ಥನೆಗೆ ಎಲ್ಲರೂ ಸಾಲಿನಲ್ಲಿ ನಿಂತಿದ್ದೇವೆ. ಸಿಸ್ಟರ್ ಆ ಹುಡುಗನನ್ನು ಮುಂದೆ ಕರೆದರು. ಇನ್ನೂ ಬೀಳುತ್ತದೆ ಅಂದುಕೊಂಡು ಅವನು ಕೈ ಚಾಚಿದ. ಅವರು ಕೈಮುಗಿದರು. ಪೆನ್ನು ನನ್ನ ಪುಸ್ತಕದೊಳಗೇ ಇತ್ತು, ನಾನು ನಿನಗೆ ಹೊಡೆದದ್ದು ತಪ್ಪು, ಇವರೆಲ್ಲರ ಎದುರು ಹೊಡೆದೆ, ಅದಕ್ಕೆ ಇವರೆಲ್ಲರ ಎದುರೇ ಕ್ಷಮೆ ಕೇಳುತ್ತೇನೆ ಅಂದರು. ಇಡೀ ಶಾಲೆ ಉಸಿರು ಬಿಡಲಿಲ್ಲ. ಆ ಕಾಲದಲ್ಲಿ ಮಾಸ್ತರರು ಮಕ್ಕಳ ಕ್ಷಮೆ ಕೇಳುವುದನ್ನು ಯಾರಾದರೂ ಕಂಡದ್ದುಂಟಾ?

ಅವರು ಕಲಿಸಿದ ಲೆಕ್ಕ ಒಂದೂ ನೆನಪಿಲ್ಲ. ಆದರೆ ಹೋದ ವರ್ಷ ಅಡಿಕೆ ಕೊನೆಕೊಯ್ಲಿನಲ್ಲಿ ಎಣಿಕೆ ತಪ್ಪಿ ನಮ್ಮ ಕೊನೆಗೌಡನಿಗೆ ಆಳುಗಳ ಎದುರು ಬೈದುಬಿಟ್ಟೆ. ರಾತ್ರಿ ನೋಡಿದರೆ ತಪ್ಪು ನನ್ನದೇ. ಸುಮ್ನೆ ಎರಡು ದಿನದ ಕೂಲಿ ಜಾಸ್ತಿ ಕೊಟ್ಟು ಮುಗಿಸೋಣ ಅನ್ನಿಸಿತು. ಆಗ ಆ ಸಿಸ್ಟರ್ ಕಣ್ಣೆದುರು ಬಂದರು. ಬೆಳಿಗ್ಗೆ ಅದೇ ಆಳುಗಳ ಎದುರು ಹೇಳಿದೆ. ಎಂತ ಕಷ್ಟ ಅಂತೀರಿ, ನಾಲಿಗೆ ಒಣಗಿ ಹೋಗಿತ್ತು.

ನಾನು ಬೈಬಲ್ ಓದಿಲ್ಲ. ನಿಮ್ಮ ಧರ್ಮ ಅಂದರೆ ನನಗೆ ಅವರು ಕೈಮುಗಿದು ನಿಂತದ್ದು.

ಟೀಚರಮ್ಮ (ಕುಮಟಾ) | ಶನಿವಾರ ಸಂಜೆ 6:30

ನಾನೂ ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಹದಿನೆಂಟು ವರ್ಷ ಆಯ್ತು. ಕಾಳಿದಂಡೆಯವರೇ, ಮತ್ತಾಯನ ಆ ಭಾಗ ಮಾಡುವಾಗ ನಮ್ಮ ಕ್ಲಾಸಿನಲ್ಲೂ ಯಾವಾಗಲೂ ಗಪ್‌ಚುಪ್ ಆಗುತ್ತದೆ. ಅರ್ಧ ಮಕ್ಕಳ ಮನೆಯಲ್ಲಿ ಚಿಕ್ಕಪ್ಪ ದೊಡ್ಡಪ್ಪಂದಿರ ಮಾತು ಬಿಟ್ಟಿದೆ. ಅವರಿಗೆ ಗೊತ್ತು. ನಮಗೆ ಗೊತ್ತಿದೆ ಅಂತಲೂ ಅವರಿಗೆ ಗೊತ್ತು.

ಮಕ್ಕಳಿಗೆ ಒಂದು ಪ್ರಶ್ನೆ ಕೊಡುತ್ತೇನೆ: ನೀವು ಯಾರ ಹಾಗೆ ಆಗಬೇಕು? ಮೊದಮೊದಲು ಎಲ್ಲರೂ ಮದರ್ ತೆರೇಸಾ ಅಂತ ಬರೆಯುತ್ತಾರೆ, ಮಾರ್ಕ್ಸ್ ಸಿಗುತ್ತದೆ ಅಂತ. ನೀವು ಕಣ್ಣಾರೆ ಕಂಡವರನ್ನೇ ಬರೆಯಿರಿ ಅಂದರೆ ಪೆನ್ಸಿಲ್ ಕಚ್ಚುತ್ತಾರೆ. ನಿಮ್ಮ ಮಗನನ್ನು ಒಮ್ಮೆ ಕೇಳಿ ನೋಡಿ. ಉತ್ತರ ಏನೇ ಬರಲಿ, ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು. ಅಣ್ಣನ ಜೊತೆ ಮಾತು ಬಿಟ್ಟದ್ದು ಯಾಕೆ ಅಂತ ನೀವು ಬರೆದೇ ಇಲ್ಲ. ಜಾಗದ ವಿಷಯವಾ?

ಕಾಳಿದಂಡೆ | ಶನಿವಾರ ರಾತ್ರಿ 11:50

ಹೌದು ಟೀಚರ್. ಜಾಗದ್ದೇ.

ಹೆದ್ದಾರಿ ಅಗಲ ಮಾಡುವಾಗ ಅಪ್ಪನ ಹೆಸರಿನ ಜಾಗ ಸ್ವಲ್ಪ ಹೋಯಿತು. ಪರಿಹಾರ 12 ಲಕ್ಷ ಬಂತು. ಆಗ ಅಣ್ಣ ಶಿಪ್ಪಿನಲ್ಲಿದ್ದ. ಎಲ್ಲ ನೀನೇ ನೋಡಿಕೋ ಅಂತ ನನ್ನ ಹೆಸರಿಗೆ ಅಧಿಕಾರ ಪತ್ರ ಮಾಡಿ ಕಳಿಸಿದ್ದ. ನಾನು ಅವನಿಗೆ 4 ಕೊಟ್ಟೆ, 8 ಇಟ್ಟುಕೊಂಡೆ. ಅವನು ಬಂದು ಕೇಳಿದಾಗ ಹೇಳಿದೆ: ಅಮ್ಮ ಒಂಬತ್ತು ವರ್ಷ ಹಾಸಿಗೆಯಲ್ಲಿದ್ದಳು, ನೋಡಿಕೊಂಡದ್ದು ನಾನು. ನೀನು ವರ್ಷಕ್ಕೊಮ್ಮೆ ಬಂದು ಚಾಕಲೇಟು ಕೊಟ್ಟು ಹೋದೆ. ಅವನು ಏನೂ ಹೇಳದೆ ಎದ್ದು ಹೋದ. ಅದೇ ಕೊನೆ ಮಾತು.

ಇದನ್ನು ಕುಮ್ಸಾರಿನಲ್ಲಿ (ಪಾದ್ರಿಯ ಹತ್ತಿರ ಪಾಪನಿವೇದನೆ) ಹೇಳಿದ್ದೇನಾ ಅಂತ ಕೇಳಬೇಡಿ. ಅಣ್ಣನ ಮೇಲೆ ಸಿಟ್ಟು ಮಾಡಿಕೊಂಡೆ ಅಂತ ಹೇಳಿದ್ದೇನೆ. ಅವನ ಅರ್ಧ ಪಾಲಿನಲ್ಲಿ ನಾನು ಇಟ್ಟುಕೊಂಡ 2 ಲಕ್ಷದ ವಿಷಯ ಹೇಳಿಲ್ಲ.

ಇಶಾಡ (ಅಂಕೋಲಾ) | ಭಾನುವಾರ ಬೆಳಿಗ್ಗೆ 11:00

ಈಗ ಚರ್ಚೆ ಸರಿಯಾದ ಜಾಗಕ್ಕೆ ಬಂತು. ಇಲ್ಲಿಯವರೆಗೆ ಶಾಂತಿ, ಕ್ಷಮೆ ಅಂತ ಮೇಲೆ ಮೇಲೆ ತೇಲುತ್ತಿತ್ತು.

ದುಡ್ಡು ಇಟ್ಟುಕೊಂಡು ಕ್ಷಮೆ ಕೇಳಿದರೆ ಅದು ಎಂಥ ಕ್ಷಮೆ? ಲೂಕನ 19ನೇ ಅಧ್ಯಾಯದ ಜಕ್ಕಾಯ ಸುಂಕದವನು. ಯೇಸು ಮನೆಗೆ ಬಂದಾಗ ಅವನು ಕಣ್ಣೀರು ಹಾಕಿದ ಅಂತ ಬರೆದಿಲ್ಲ. ಲೆಕ್ಕ ಹೇಳಿದ ಅಂತ ಬರೆದಿದೆ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್. ಆ ಲೆಕ್ಕದಲ್ಲಿ ನಿಮ್ಮದು 8 ಲಕ್ಷ ಆಗುತ್ತದೆ. ಹೆದರಬೇಡಿ, 2 ಕೊಟ್ಟರೆ ಸಾಕು.

ಹೊನ್ನಾವರದಜ್ಜ | ಭಾನುವಾರ ಮಧ್ಯಾಹ್ನ 1:20

ನಾನು ಪೂರ್ತಿ ಒಪ್ಪುವುದಿಲ್ಲ. ಒಂಬತ್ತು ವರ್ಷ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಅಂದರೆ ಏನು ಅಂತ ಮಾಡಿದವರಿಗೇ ಗೊತ್ತು. ಹೋಂ ನರ್ಸ್ ಇಟ್ಟಿದ್ದರೆ ಇದಕ್ಕಿಂತ ಎಷ್ಟೋ ಜಾಸ್ತಿ ಖರ್ಚಾಗುತ್ತಿತ್ತು. ಶಿಪ್ಪಿನವನಿಗೆ ಅದು ಕಾಣಬೇಕಿತ್ತು.

ಕೊನೆಕೊಯ್ಲು | ಭಾನುವಾರ ಮಧ್ಯಾಹ್ನ 1:45

ಕಾಣಬೇಕಿತ್ತು ಅಜ್ಜ, ಸರಿ. ಹಾಗಾದರೆ ದುಡ್ಡು ಬರುವ ಮೊದಲು ಕೇಳಬೇಕಿತ್ತು. ಅಮ್ಮನನ್ನು ನೋಡಿಕೊಂಡದ್ದಕ್ಕೆ ಆಮೇಲೆ ಬಿಲ್ ಹಾಕುವುದಾ? ಅದೂ ಅವನು ನಂಬಿ ಕೊಟ್ಟ ಕಾಗದದ ಮೇಲೆ?

ದಮಾಮಿ (ಹಳಿಯಾಳ) | ಭಾನುವಾರ ಸಂಜೆ 7:40

ಎಲ್ಲ ಗಂಡಸರೇ ಲೆಕ್ಕ ಹಾಕುತ್ತಿದ್ದೀರಿ. ನಾನೊಂದು ಕೇಳುತ್ತೇನೆ. ಕಾಳಿದಂಡೆ ಅಣ್ಣಾ, ಅಮ್ಮನನ್ನು ನೋಡಿಕೊಂಡದ್ದು ನಾನು ಅಂದಿರಲ್ಲ. ಬಟ್ಟೆ ಬದಲಾಯಿಸಿದ್ದು ಯಾರು? ಬೆನ್ನು ಹುಣ್ಣಾಗದ ಹಾಗೆ ರಾತ್ರಿ ಎದ್ದು ಮಗ್ಗಲು ತಿರುಗಿಸಿದ್ದು ಯಾರು? ನೀವಾ, ಅತ್ತಿಗೆಯಾ?

ನಾನು ಸಿದ್ದಿ. ನಮ್ಮ ಮನೆತನದಲ್ಲಿ ಮೂರೂ ಧರ್ಮ ಇದೆ. ಅಜ್ಜಿ ಕ್ರಿಶ್ಚಿಯನ್, ಅಜ್ಜಿಯ ತಂಗಿಯನ್ನು ಕೊಟ್ಟದ್ದು ಮುಸ್ಲಿಂ ಸಿದ್ದಿಗಳ ಮನೆಗೆ, ತೋಟದ ಆಚೆಯ ಚಿಕ್ಕಪ್ಪ ಹಿಂದೂ. ಮದುವೆಗೆ ಎಲ್ಲರೂ ಬಂದು ದಮಾಮಿ ಬಾರಿಸಿ ಕುಣಿಯುತ್ತೇವೆ. 2003ರಲ್ಲಿ ನಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರಲ್ಲ, ಸರ್ಟಿಫಿಕೇಟಿನ ಕ್ಯೂನಲ್ಲೂ ಮೂವರೂ ಒಬ್ಬರ ಹಿಂದೆ ಒಬ್ಬರು. ನಿಮಗೆ ಕಾರವಾರದಲ್ಲಿ ಕೂಗಳತೆಗೊಂದು ಇಗರ್ಜಿ. ನಮ್ಮ ಹಾಡಿಗೆ ಪಾದ್ರಿ ಬರುತ್ತಿದ್ದದ್ದು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಅದೂ ಇಲ್ಲ. ಅಜ್ಜಿಯೇ ನಮ್ಮ ಪಾದ್ರಿ, ಅಜ್ಜಿಯೇ ಟೀಚರ್. ಅವಳಿಗೆ ಓದು ಬರುತ್ತಿರಲಿಲ್ಲ.

ಅವಳದ್ದೊಂದು ಹಟ ಇತ್ತು. ರಾತ್ರಿ ಊಟಕ್ಕೆ ಮೊದಲು ಎಲ್ಲರೂ ಕೂತು ಜಪಸರ. ಆದರೆ ಆ ದಿನ ಮನೆಯಲ್ಲಿ ಯಾರಾದರೂ ಇಬ್ಬರು ಮಾತು ಬಿಟ್ಟಿದ್ದರೆ ಅವಳು ಜಪಸರ ಶುರು ಮಾಡುತ್ತಿರಲಿಲ್ಲ. ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. "ಊಟ ಮಾಡಿ ಮಲಗಿ, ಇವತ್ತು ಜಪ ಇಲ್ಲ" ಅಂತ ಹೇಳಿ, ದೀಪ ಆರಿಸಿ, ಮಣಿ ಕೈಯಲ್ಲಿ ಹಿಡಿದು ಕತ್ತಲೆಯಲ್ಲಿ ಕೂರುತ್ತಿದ್ದಳು. ನಾವು ಮಲಗಿದರೂ ಅವಳು ಕೂತೇ ಇರುತ್ತಿದ್ದಳು. ಯಾರಿಗೆ ನಿದ್ದೆ ಬರುತ್ತದೆ? ಒಮ್ಮೆ ನನ್ನ ಅಪ್ಪ ಮತ್ತು ಆ ಹಿಂದೂ ಚಿಕ್ಕಪ್ಪನಿಗೆ ಎಮ್ಮೆಯ ವಿಷಯದಲ್ಲಿ ಹೊಡೆದಾಟ ಆಗುವಷ್ಟು ಜಗಳ. ಅಜ್ಜಿ ಮೂರು ರಾತ್ರಿ ಹಾಗೆ ಕೂತಳು. ನಾಲ್ಕನೇ ರಾತ್ರಿ ಚಿಕ್ಕಪ್ಪನೇ ಬಂದು ಬಾಗಿಲಲ್ಲಿ ನಿಂತು, "ದೊಡ್ಡವ್ವಾ, ದೀಪ ಹಚ್ಚು ಮಾರಾಯ್ತಿ, ನಮ್ಮ ಮನೆಗೆ ಕಾಣ್ತದೆ" ಅಂದ. ಅವನಿಗೂ ಜಪಸರಕ್ಕೂ ಸಂಬಂಧವೇ ಇಲ್ಲ!

ಅಜ್ಜಿ ಯಾರಿಗೂ ಮಾದರಿ ಆಗಬೇಕು ಅಂತ ಹೊರಟವಳಲ್ಲ. ಅವಳಿಗೆ ಜಗಳ ಇಟ್ಟುಕೊಂಡು ದೇವರ ಹೆಸರು ತೆಗೆಯಲು ಬಾಯಿ ಬರುತ್ತಿರಲಿಲ್ಲ, ಅಷ್ಟೇ.

ಕಾಳಿದಂಡೆ | ಭಾನುವಾರ ರಾತ್ರಿ 12:30

ಅಕ್ಕಾ, ಹೆಂಡತಿ. ಎಲ್ಲ ಅವಳೇ.

ನಾನು ಬೈತಖೋಲದಲ್ಲಿ ಬೋಟ್ ಎಂಜಿನ್ ರಿಪೇರಿ ಮಾಡುವವನು. ಬೆಳಿಗ್ಗೆ ಹೋದರೆ ರಾತ್ರಿಯೇ. ಔಷಧಿ ತಂದದ್ದು ನಾನು, ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ನಾನು. ಉಳಿದದ್ದಕ್ಕೆ ನಾನು ಕೈ ಹಾಕಿಲ್ಲ. ನಿಮ್ಮ ಪೋಸ್ಟನ್ನು ಅವಳಿಗೆ ಓದಿ ಹೇಳಿದೆ. ಅವಳು ಮೀನು ಕೊಯ್ಯುತ್ತಿದ್ದಳು. ತಲೆ ಎತ್ತದೆ, "ಆ ದುಡ್ಡಿನಲ್ಲಿ ನನಗೆ ಒಂದು ಸೀರೆಯೂ ಬಂದಿಲ್ಲ" ಅಂದಳು. ಅಷ್ಟೇ. ಆರು ವರ್ಷ ನಾನು ಅವಳ ಕೆಲಸ ತೋರಿಸಿ ಅಣ್ಣನ ದುಡ್ಡು ಇಟ್ಟುಕೊಂಡಿದ್ದೆ.

ಟೀಚರ್, ಮಗನನ್ನೂ ಕೇಳಿದೆ. ಎರಡು ಉತ್ತರ ಕೊಟ್ಟ. 2024ರ ಆಗಸ್ಟ್ 7ರ ರಾತ್ರಿ ಕಾಳಿಯ ಹಳೇ ಸೇತುವೆ ಕುಸಿದು ಲಾರಿ ಹೊಳೆಗೆ ಬಿತ್ತಲ್ಲ, ಆ ಕತ್ತಲೆಯಲ್ಲಿ ನಮ್ಮ ಮೀನುಗಾರರು ದೋಣಿ ತೆಗೆದುಕೊಂಡು ಹೋಗಿ ತಮಿಳುನಾಡಿನ ಡ್ರೈವರನ್ನು ಬದುಕಿಸಿ ತಂದರು. ಆ ದೋಣಿಯವರ ಹಾಗೆ ಆಗಬೇಕಂತೆ. ಎರಡನೆಯದು, ಮಮ್ಮಿಯ ಹಾಗೆ. ಯಾಕೆ ಅಂದೆ. "ಅಜ್ಜಿಗೆ ವಾಸನೆ ಬರ್ತಿತ್ತು, ಮಮ್ಮಿ ಮೂಗು ಮುಚ್ತಿರಲಿಲ್ಲ" ಅಂದ.

ಅಮ್ಮ ತೀರಿಕೊಂಡಾಗ ಅವನಿಗೆ ನಾಲ್ಕೂವರೆ ವರ್ಷ. ಅದು ನೆನಪಿದೆ ನೋಡಿ.

ಇಶಾಡ | ಸೋಮವಾರ ಬೆಳಿಗ್ಗೆ 8:15

ನಿಮ್ಮ ಮಗ ಹೇಳಿದ್ದು ಓದಿ ಸಂತ ಜೋಸೆಫ್ ವಾಜರು ನೆನಪಾದರು. ಇತಿಹಾಸ ನನ್ನ ಹುಚ್ಚು, ಸ್ವಲ್ಪ ಸಹಿಸಿಕೊಳ್ಳಿ.

1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಹುಟ್ಟಿದವರು. 1681ರಲ್ಲಿ ಅವರನ್ನು ನಮ್ಮ ಕೆನರಾ ಸೀಮೆಗೆ ಕಳಿಸಿದರು. ಆಗ ಇಲ್ಲಿಯ ಕ್ರಿಶ್ಚಿಯನ್ನರು ಎರಡು ಪಾಲಾಗಿದ್ದರು. ಗೋವೆಯ ಪೋರ್ಚುಗೀಸ್ ಕಡೆಯ ಪಾದ್ರಿಗಳ ಮಾತು ಕೇಳುವವರು ಒಂದು ಕಡೆ, ರೋಮ್ ನೇರವಾಗಿ ನೇಮಿಸಿದ ಬಿಷಪರ ಮಾತು ಕೇಳುವವರು ಇನ್ನೊಂದು ಕಡೆ. ಒಂದೇ ದೇವರು, ಒಂದೇ ಪೂಜೆ, ಜಗಳ ಮಾತ್ರ ಅಧಿಕಾರದ್ದು. ಆ ಜಗಳದ ನಡುವೆ ಮೂರು ವರ್ಷ ನಡೆದಾಡಿದರು.

ಆಮೇಲೆ 1687ರಲ್ಲಿ ಕೂಲಿಯವನ ವೇಷದಲ್ಲಿ ಸಿಲೋನಿಗೆ ಹೋದರು. ಅಲ್ಲಿ ಡಚ್ಚರು ಕಥೊಲಿಕ್ ಪಾದ್ರಿಗಳಿಗೆ ಜಾಗ ಕೊಡುತ್ತಿರಲಿಲ್ಲ. ಕ್ಯಾಂಡಿಯ ರಾಜ ಇವರನ್ನು ಪೋರ್ಚುಗೀಸ್ ಗೂಢಚಾರ ಅಂತ ಸೆರೆಯಲ್ಲಿಟ್ಟ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಬಂತು. ಮನೆಯವರೇ ಬಿಟ್ಟು ಹೋದ ರೋಗಿಗಳನ್ನು ಇವರು ತೊಳೆದು, ಉಣಿಸಿ, ಸತ್ತರೆ ಮಣ್ಣು ಮಾಡಿದರು. ಬೌದ್ಧ ರಾಜನಿಗೆ ಇವರ ಮೇಲೆ ಗೌರವ ಬಂದದ್ದು ಉಪದೇಶ ಕೇಳಿ ಅಲ್ಲ, ಇದನ್ನು ಕಂಡು. 1711ರಲ್ಲಿ ಅಲ್ಲೇ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತರೆಂದು ಸಾರಿದರು.

ಮೂಗು ಮುಚ್ಚದವರು ಅಂದಾಗ ನನಗೆ ಇವರೇ ಕಂಡದ್ದು.

ಮಡಗಾಂವ್_ಪ್ಯಾಸೆಂಜರ್ | ಸೋಮವಾರ ಬೆಳಿಗ್ಗೆ 8:40

ಸಂತರ ಕಥೆ ಚೆನ್ನಾಗಿದೆ ಸರ್. ಆದರೆ ಕ್ಯಾಂಡಿಯಲ್ಲಿ ಸಿಡುಬಿನವರನ್ನು ತೊಳೆಯಬಹುದೇನೋ, ಕೋಡಿಬಾಗದಲ್ಲಿ ಅಣ್ಣನ ಮನೆ ಬಾಗಿಲು ತಟ್ಟುವುದು ಕಷ್ಟ.

ಇಶಾಡ | ಸೋಮವಾರ ಬೆಳಿಗ್ಗೆ 8:44

ಅದಂತೂ ಹೌದು.

ಜೀವದ_ನೀರು | ಸೋಮವಾರ ಮಧ್ಯಾಹ್ನ 12:05

ಮೊನ್ನೆ ನಾನು ಒಂದು ಮಾತು ಒರಟಾಗಿ ಹೇಳಿದೆ. ನಿಮಗೆ ಸಾಕ್ಷಿ ಇಲ್ಲ ಅಂದೆ. ನಮ್ಮ ಸಭೆಯಲ್ಲಿ ಪ್ರತಿ ಭಾನುವಾರ ಎದ್ದು ನಿಂತು ಸಾಕ್ಷಿ ಹೇಳುವವರಿದ್ದಾರೆ, ನಾನೂ ಹೇಳುತ್ತೇನೆ. ಕುಡಿತ ಬಿಟ್ಟೆ, ಬೀಡಿ ಬಿಟ್ಟೆ ಅಂತ. 2 ಲಕ್ಷ ಇಟ್ಟುಕೊಂಡೆ ಅಂತ ಎದ್ದು ಹೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ನಿಮಗಾಗಿ ಪ್ರಾರ್ಥಿಸುತ್ತೇನೆ.

ಟೀಚರಮ್ಮ | ಸೋಮವಾರ ರಾತ್ರಿ 9:10

ಒಂದು ಎಚ್ಚರಿಕೆ ಮಾತ್ರ. ಮಗನನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ. ನೋಡು ಪಪ್ಪ ಹೇಗೆ ರಾಜಿ ಮಾಡುತ್ತಾನೆ ಅಂತ ತೋರಿಸುವ ಆಸೆ ಬರುತ್ತದೆ. ನನಗೂ ಬರುತ್ತದೆ, ಟೀಚರ್ ಬುದ್ಧಿ. ಅವನ ಎದುರು ಅಣ್ಣ ಬೈದರೆ ನೀವು ಮಗನಿಗೋಸ್ಕರ ತಿರುಗಿ ಬೈಯುತ್ತೀರಿ.

ಕಾಳಿದಂಡೆ | ಹತ್ತೊಂಬತ್ತು ದಿನದ ನಂತರ, ಶನಿವಾರ ರಾತ್ರಿ 10:20

ತಡವಾಯಿತು. ಕೆಲವರು ಮೆಸೇಜ್ ಮಾಡಿ ಕೇಳಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಪವಿತ್ರ ಗುರುವಾರ ಕಾಲು ತೊಳೆಯುವ ಪೂಜೆ ಮುಗಿಸಿ ಹಾಗೇ ಹೋಗಬೇಕು ಅಂದುಕೊಂಡಿದ್ದೆ. ಧೈರ್ಯ ಬರಲಿಲ್ಲ. ಗುಡ್ ಫ್ರೈಡೇ ದಿನ ಹೋಗುವುದು ನಾಟಕ ಅನ್ನಿಸಿತು. ಹೋದದ್ದು ಈಸ್ಟರ್ ಕಳೆದು ಮಂಗಳವಾರ, ಕೆಲಸದ ಬಟ್ಟೆಯಲ್ಲೇ, ಕೈಯಲ್ಲಿ ಗ್ರೀಸ್ ಇತ್ತು. ಮಗನನ್ನು ಕರೆದುಕೊಂಡು ಹೋಗಲಿಲ್ಲ ಟೀಚರ್.

ಅತ್ತಿಗೆ ಬಾಗಿಲು ತೆಗೆದರು. ಅಣ್ಣ ಟಿವಿ ನೋಡುತ್ತಿದ್ದ. ನಾನು ಯೋಚಿಸಿಕೊಂಡು ಹೋಗಿದ್ದ ಮಾತೆಲ್ಲ ಮರೆತುಹೋಯಿತು. "ನಿನ್ನ ದುಡ್ಡು 2 ಲಕ್ಷ ನನ್ನ ಹತ್ತಿರ ಇದೆ, ಅಮ್ಮನನ್ನು ನೋಡಿಕೊಂಡದ್ದು ನಾನಲ್ಲ" ಅಂದೆ. ಅವನಿಗೆ ಎರಡನೆಯ ಮಾತು ಅರ್ಥವಾಗಲಿಲ್ಲ. "ಮತ್ತೆ ಯಾರು?" ಅಂದ. ಹೇಳಿದೆ. ಅವನು ಟಿವಿಯ ಸದ್ದು ಕಡಿಮೆ ಮಾಡಿದ. ಆರಿಸಲಿಲ್ಲ.

50 ಸಾವಿರ ಕೊಟ್ಟೆ. ಉಳಿದದ್ದು ಸೆಪ್ಟೆಂಬರ್ ಒಳಗೆ ಅಂದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳು ದಡದಲ್ಲಿರುತ್ತವೆ, ನನಗೆ ರಿಪೇರಿ ಕೆಲಸ ಜಾಸ್ತಿ. ಆದರೆ ಬೋಟಿನವರು ಬಿಲ್ ಕೊಡುವುದು ಆಗಸ್ಟಿನಲ್ಲಿ ಮೀನು ಬಿದ್ದ ಮೇಲೆ. ಅವನಿಗೂ ಗೊತ್ತು. ಅಣ್ಣ ದುಡ್ಡು ಎಣಿಸಿದ. ನನ್ನೆದುರೇ ಎಣಿಸಿದ. ಚುಚ್ಚಿತು. ಆಮೇಲೆ ಅಂದುಕೊಂಡೆ, ಒಮ್ಮೆ ಎಣಿಸದೆ ನಂಬಿದವನು ತಾನೇ.

ಅತ್ತಿಗೆ ಚಹಾ ಕೊಟ್ಟರು. ಅಣ್ಣ, "ನಿನ್ನ ಹೆಂಡತಿಗೆ ನಾನು ಬಂದು ಹೇಳ್ತೇನೆ" ಅಂದ. ಏನು ಹೇಳುತ್ತಾನೆ ಅಂತ ಕೇಳಲಿಲ್ಲ. ಇನ್ನೂ ಬಂದಿಲ್ಲ.

ಹೋದ ಭಾನುವಾರ ಪೂಜೆಯಲ್ಲಿ ಅವನು ಮುಂದಿನ ಬೆಂಚಿನಲ್ಲೇ ಇದ್ದ. ಶಾಂತಿ ಕೋರುವಾಗ ನಾನು ಮುಂದಕ್ಕೆ ನೋಡಿದೆ. ಅವನು ತಿರುಗಲಿಲ್ಲ. ಮಗ ನನ್ನನ್ನೇ ನೋಡುತ್ತಿದ್ದ. ನಾನು ಅಣ್ಣನ ಬೆನ್ನಿಗೇ ಕೈಮುಗಿದೆ.

ಮನೆಯಲ್ಲಿ ಅವನಿಗೆ ದುಡ್ಡಿನ ವಿಷಯ ಪೂರ್ತಿ ಹೇಳಿದೆ, ನಾನು ಎಷ್ಟು ಇಟ್ಟುಕೊಂಡಿದ್ದೆ ಅಂತ. "ಹಾಗಾದ್ರೆ ನೀನು ಕಳ್ಳನಾ?" ಅಂದ. ಹೆಂಡತಿ ಅವನ ತಲೆಗೆ ಮೊಟಕಿದಳು. ನಾನು ಹೌದು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಉಳಿದ ಒಂದೂವರೆ ಲಕ್ಷ ತೀರಲು ಎಷ್ಟು ಎಂಜಿನ್ ರಿಪೇರಿ ಮಾಡಬೇಕು ಅಂತ ಲೆಕ್ಕ ಹಾಕಲು ಕೂತ.

ನಾಳೆ ಜ್ಞಾನಸ್ನಾನ. ಷಡ್ಡಕನಿಗೂ ಎಲ್ಲ ಹೇಳಿ, ಬೇರೆಯವರನ್ನು ನಿಲ್ಲಿಸುವುದಿದ್ದರೆ ನಿಲ್ಲಿಸಿ ಅಂದೆ. ಅವನು, "ಶಾಮಿಯಾನಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ, ಸುಮ್ನೆ ಬನ್ನಿ" ಅಂದ.

ಅಜ್ಜಾ, ಒಂದು ಅನುಮಾನ. ಮೇಣದಬತ್ತಿ ನಾನೇ ತೆಗೆದುಕೊಂಡು ಹೋಗಬೇಕಾ, ಇಗರ್ಜಿಯಲ್ಲಿ ಕೊಡುತ್ತಾರಾ?

ಹೊನ್ನಾವರದಜ್ಜ | ಶನಿವಾರ ರಾತ್ರಿ 10:48

ಕೆಲವು ಕಡೆ ಕೊಡುತ್ತಾರೆ. ಆದರೂ ಒಂದು ತೆಗೆದುಕೊಂಡು ಹೋಗು. ಸ್ವಲ್ಪ ದಪ್ಪದ್ದೇ ಇರಲಿ. ಪೀಠದ ಹತ್ತಿರ ದೊಡ್ಡ ಪಾಸ್ಕ (ಈಸ್ಟರ್) ಮೇಣದಬತ್ತಿ ಉರಿಯುತ್ತಿರುತ್ತದೆ, ಅದರಿಂದ ಹಚ್ಚಿಕೊಳ್ಳಬೇಕು. ಬೆಂಕಿಪೊಟ್ಟಣ ತೆಗೆಯಬೇಡ, ನಮ್ಮಲ್ಲೊಬ್ಬ ತೆಗೆದಿದ್ದ. ಕಾಳಿಯ ಗಾಳಿ ಬಾಗಿಲಿನಿಂದ ನೇರ ಒಳಗೆ ಬರುತ್ತದೆ. ಹಚ್ಚಿದ ಮೇಲೆ ಫ್ಯಾನ್ ಬಂದ್ ಮಾಡಲು ಯಾರಿಗಾದರೂ ಹೇಳಿಡು. ನಿನ್ನ ಮಗನಿಗೇ ಹೇಳು.